ಜಿಂಕ್ ಆಕ್ಸೈಡ್ ನ್ಯಾನೋಕಣಗಳಿಂದ ಬೆಳಕು: ಬರಿಸುವುದು, ಅಳೆಯುವುದು, ಮೋಸ ಹೋಗದಿರುವುದು

ಜಿಂಕ್ ಆಕ್ಸೈಡ್ ಅಂದರೆ ಮುಲಾಮಿನಲ್ಲಿ, ಸನ್‌ಸ್ಕ್ರೀನ್‌ನಲ್ಲಿ ಇರುವ ಅದೇ ಬಿಳಿ ಪುಡಿ. ಇದನ್ನು ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಮಾಡಿ ಯುವಿ ದೀಪದ ಕೆಳಗೆ ಹಿಡಿದರೆ ಹಸಿರು ಅಥವಾ ಹಳದಿ ಬೆಳಕು ಚೆಲ್ಲುತ್ತದೆ. ಇಷ್ಟನ್ನು ಕಣ್ಣಾರೆ ನೋಡುವುದು ಏನೂ ಕಷ್ಟ ಇಲ್ಲ, ಒಂದು ಸಾಧಾರಣ ರಸಾಯನಶಾಸ್ತ್ರದ ಲ್ಯಾಬ್ ಸಾಕು. ಕಷ್ಟ ಇರುವುದು ಆಮೇಲೆ. ಆ ಬೆಳಕು ಕಣದ ಯಾವ ಭಾಗದಿಂದ ಬಂತು, ಯಾಕೆ ಬಂತು ಅಂತ ಹೇಳಲು ಹೊರಟಾಗ ಬಹಳ ಜನ ಎಡವುತ್ತಾರೆ. ಹಾಗಾಗಿ ಇಲ್ಲಿ ತಯಾರಿಕೆಯನ್ನು ಸ್ವಲ್ಪ ಬೇಗ ಮುಗಿಸಿ, ಅಳತೆಯ ಬಗ್ಗೆ ಜಾಸ್ತಿ ಹೇಳುತ್ತೇನೆ.

ಮೊದಲು ಒಂದೆರಡು ಅಂಕಿ ತಲೆಯಲ್ಲಿ ಇಟ್ಟುಕೊಳ್ಳಿ. ಜಿಂಕ್ ಆಕ್ಸೈಡ್‌ನ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಅದರ ಜಾಗದಿಂದ ಎಬ್ಬಿಸಿ ಓಡಾಡುವಂತೆ ಮಾಡಲು ಬೇಕಾದ ಕನಿಷ್ಠ ಶಕ್ತಿ) ಕೋಣೆಯ ಉಷ್ಣಾಂಶದಲ್ಲಿ ಸುಮಾರು 3.37 ಎಲೆಕ್ಟ್ರಾನ್‌ವೋಲ್ಟ್. ತರಂಗದೂರದ ಲೆಕ್ಕದಲ್ಲಿ 368 ನ್ಯಾನೋಮೀಟರ್ ಹತ್ತಿರ. ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಎದ್ದು ಹೋದಾಗ ಉಳಿಯುವ ತೆರವು) ಜೋಡಿಯಾಗಿ ಅಂಟಿಕೊಂಡಾಗ ಅದನ್ನು ಎಕ್ಸಿಟಾನ್ ಅನ್ನುತ್ತೇವೆ, ಅಲ್ವಾ? ಈ ವಸ್ತುವಿನಲ್ಲಿ ಆ ಜೋಡಿಯನ್ನು ಬಿಡಿಸಲು ಸುಮಾರು 60 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಬೇಕು. ಕೋಣೆಯ ಶಾಖ ಕೊಡುವುದು ಸುಮಾರು 25 ಮಾತ್ರ. ಅದಕ್ಕೇ ಇಲ್ಲಿ ಎಕ್ಸಿಟಾನ್ ಕೋಣೆಯ ಉಷ್ಣಾಂಶದಲ್ಲೂ ಬದುಕುತ್ತದೆ. ಎಲ್‌ಇಡಿಗಳಲ್ಲಿ ಬಳಸುವ ಗ್ಯಾಲಿಯಮ್ ನೈಟ್ರೈಡ್‌ನಲ್ಲಿ ಅಂಟು ಇದರ ಅರ್ಧಕ್ಕಿಂತ ಕಡಿಮೆ. ಜಿಂಕ್ ಆಕ್ಸೈಡ್ ಹಿಂದೆ ಇಷ್ಟೊಂದು ಜನ ಬಿದ್ದಿರುವುದಕ್ಕೆ ಮುಖ್ಯ ಕಾರಣ ಇದೇ. 2001ರಲ್ಲಿ ಬರ್ಕ್ಲಿಯ ಪೈಡಾಂಗ್ ಯಾಂಗ್ ಅವರ ತಂಡ ಜಿಂಕ್ ಆಕ್ಸೈಡ್ ನ್ಯಾನೋತಂತಿಗಳಿಂದ ಕೋಣೆಯ ಉಷ್ಣಾಂಶದಲ್ಲೇ 385 ನ್ಯಾನೋಮೀಟರ್ ಹತ್ತಿರ ಲೇಸರ್ ಬೆಳಕು ಬರಿಸಿ ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಜನ ಮುಗಿಬಿದ್ದರು.

ಹೊರಬರುವ ಬೆಳಕಿನಲ್ಲಿ ಎರಡು ಪಾಲು. ಒಂದು ಯುವಿ ಪಾಲು, 380 ನ್ಯಾನೋಮೀಟರ್ ಆಸುಪಾಸಿನ ಕಿರಿದಾದ ಶಿಖರ, ಇದು ಎಕ್ಸಿಟಾನ್‌ನದ್ದು. ಇನ್ನೊಂದು ಕಣ್ಣಿಗೆ ಕಾಣುವ ಅಗಲವಾದ ದಿಬ್ಬ, 500ರಿಂದ 650ರವರೆಗೆ ಎಲ್ಲಿ ಬೇಕಾದರೂ ನಡು ಇರಬಹುದು, ಇದು ದೋಷಗಳದ್ದು. ಹರಳಿನಲ್ಲಿ ಇರಬೇಕಾದ ಪರಮಾಣು ಇಲ್ಲದಿರುವುದು, ಇರಬಾರದ್ದು ಇರುವುದು, ಮೇಲ್ಮೈಗೆ ಏನೋ ಅಂಟಿಕೊಂಡಿರುವುದು, ಎಲ್ಲವೂ ದೋಷದ ಲೆಕ್ಕಕ್ಕೇ ಬರುತ್ತವೆ.

ಹೊಳೆಯುವ ಚುಕ್ಕಿಗಳು

ಕ್ವಾಂಟಮ್ ಡಾಟ್ (ಗಾತ್ರ ಬದಲಾದರೆ ಬೆಳಕಿನ ಬಣ್ಣವೂ ಬದಲಾಗುವಷ್ಟು ಚಿಕ್ಕ ಕಣ) ಬೇಕಿದ್ದರೆ ಜಿಂಕ್ ಅಸಿಟೇಟ್ ಮತ್ತು ಲಿಥಿಯಮ್ ಹೈಡ್ರಾಕ್ಸೈಡ್ ದಾರಿಯೇ ಒಳ್ಳೆಯದು. 1991ರಲ್ಲಿ ಸ್ಪಾನ್‌ಹೆಲ್ ಮತ್ತು ಆಂಡರ್ಸನ್ ಶುರು ಮಾಡಿದ ವಿಧಾನ ಇದು, 1998ರಲ್ಲಿ ಮ್ಯೂಲೆನ್‌ಕಾಂಪ್ ಅದನ್ನು ಇನ್ನಷ್ಟು ಸರಳ ಮಾಡಿದರು. 1.10 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್ ಅನ್ನು 50 ಮಿಲಿಲೀಟರ್ ಕುದಿಯುವ ಎಥನಾಲ್‌ನಲ್ಲಿ ಕರಗಿಸಿ. ಬೆಂಕಿ ಬೇಡವೇ ಬೇಡ, ಹಾಟ್‌ಪ್ಲೇಟ್ ಮೇಲೆ ಕಂಡೆನ್ಸರ್ ಹಾಕಿ ಕುದಿಸಿ, ಹಬೆಯೆಲ್ಲ ಫ್ಯೂಮ್ ಹುಡ್ ಒಳಗೇ ಇರಲಿ. ಆಮೇಲೆ ಐಸ್ ಪಾತ್ರೆಯಲ್ಲಿಟ್ಟು 0 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ತಣ್ಣಗಾಗುವಾಗ ಬಿಳಿ ಪುಡಿ ಬಿದ್ದರೆ ಗಾಬರಿ ಬೇಡ, ಅದು ಅಸಿಟೇಟೇ, ಮುಂದೆ ಕರಗುತ್ತದೆ. ಬೇರೆ ಪಾತ್ರೆಯಲ್ಲಿ 0.29 ಗ್ರಾಂ ಲಿಥಿಯಮ್ ಹೈಡ್ರಾಕ್ಸೈಡ್ ಮಾನೋಹೈಡ್ರೇಟ್ ಅನ್ನು 50 ಮಿಲಿಲೀಟರ್ ಎಥನಾಲ್‌ಗೆ ಹಾಕಿ ಅಲ್ಟ್ರಾಸೋನಿಕ್ ಬಾತ್‌ನಲ್ಲಿ ಪೂರ್ತಿ ಕರಗಿಸಿ. ಇದು ಸುಲಭಕ್ಕೆ ಕರಗುವುದಿಲ್ಲ, ತಾಳ್ಮೆ ಬೇಕು. ಇದನ್ನೂ 0 ಡಿಗ್ರಿಗೆ ತಂದು, ಮೊದಲಿನ ಪಾತ್ರೆಗೆ ಜೋರಾಗಿ ಕಲಕುತ್ತಾ ಹನಿ ಹನಿಯಾಗಿ ಸೇರಿಸಿ. ದ್ರಾವಣ ತಿಳಿಯಾದರೆ ಕಣಗಳು ಹುಟ್ಟಿವೆ ಅಂತ ಅರ್ಥ. ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ, ಲಿಥಿಯಮ್ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ, ಕಣ್ಣಿಗೆ ಇನ್ನೂ ಕೆಟ್ಟದ್ದು.

ಈಗ ನಿಮ್ಮ ಕೈಯಲ್ಲಿರುವ ಕಣಗಳು ಸುಮ್ನೆ ಕೂತಿರುವುದಿಲ್ಲ, ಬೆಳೆಯುತ್ತಲೇ ಇರುತ್ತವೆ. ಬೆಚ್ಚಗಿದ್ದರೆ ಬೇಗ, ನೀರಿನಂಶ ಜಾಸ್ತಿ ಇದ್ದರೆ ಇನ್ನೂ ಬೇಗ. 4 ಡಿಗ್ರಿಗಿಂತ ಕೆಳಗೆ ಇಟ್ಟರೆ ಬೆಳವಣಿಗೆ ಬಹಳ ನಿಧಾನ. ಇದನ್ನು ತೊಂದರೆ ಅಂದುಕೊಳ್ಳುವ ಬದಲು ಉಪಯೋಗಿಸಿಕೊಳ್ಳಿ: ಒಂದೇ ಬಾಟಲಿಯನ್ನು ಕೋಣೆಯ ಉಷ್ಣಾಂಶದಲ್ಲಿಟ್ಟು ಆಗಾಗ ಸ್ವಲ್ಪ ತೆಗೆದು ತಂಪಿನಲ್ಲಿಟ್ಟರೆ ಬೇರೆ ಬೇರೆ ಗಾತ್ರದ ಸಾಲು ಸಿಗುತ್ತದೆ. ಕಣ ಬೆಳೆದಂತೆ ಕಾಣುವ ಬೆಳಕು ಹಸಿರಿನಿಂದ ಹಳದಿ ಕಡೆಗೆ ಸರಿಯುತ್ತದೆ.

ಗಾತ್ರ ಎಷ್ಟು ಅಂತ ತಿಳಿಯಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಸಾಲು ನಿಲ್ಲಬೇಕಿಲ್ಲ. ಯುವಿ-ವಿಸಿಬಲ್ ಹೀರಿಕೆ ಅಳೆಯಿರಿ. ಹೀರಿಕೆಯ ಗೆರೆ ಶಿಖರದ ಅರ್ಧಕ್ಕೆ ಇಳಿಯುವ ತರಂಗದೂರವನ್ನು ಗುರುತು ಮಾಡಿಕೊಳ್ಳಿ. ಮ್ಯೂಲೆನ್‌ಕಾಂಪ್ ಸೂತ್ರದ ಪ್ರಕಾರ ಅದು 338 ನ್ಯಾನೋಮೀಟರ್ ಇದ್ದರೆ ಕಣದ ವ್ಯಾಸ ಸುಮಾರು 3 ನ್ಯಾನೋಮೀಟರ್, 353 ಇದ್ದರೆ 4, 365 ಹತ್ತಿರ ಹೋದರೆ 6. ಅದಕ್ಕಿಂತ ದೊಡ್ಡದಾದರೆ ಗೆರೆ ಹೆಚ್ಚು ಜರುಗುವುದಿಲ್ಲ, ಈ ವಿಧಾನ ಕೈಕೊಡುತ್ತದೆ.

ಇಲ್ಲೇ ಒಂದು ಸಣ್ಣ ಒಗಟು ಇದೆ. ಈಗಷ್ಟೇ ಮಾಡಿದ ಕಣಗಳನ್ನು 365 ನ್ಯಾನೋಮೀಟರ್ ಟಾರ್ಚ್ ಕೆಳಗೆ ಹಿಡಿದರೆ ಕೆಲವೊಮ್ಮೆ ಏನೂ ಕಾಣುವುದಿಲ್ಲ, ಜನ ಪ್ರಯೋಗ ಕೆಟ್ಟಿತು ಅಂತ ಚೆಲ್ಲಿಬಿಡುತ್ತಾರೆ. ಕೆಟ್ಟಿಲ್ಲ. ಕಣ ತೀರಾ ಚಿಕ್ಕದಾದ್ದರಿಂದ ಅದರ ಗ್ಯಾಪ್ ಹಿಗ್ಗಿದೆ, 365ರ ಬೆಳಕನ್ನು ಅದು ಹೀರುವುದೇ ಇಲ್ಲ. 302, 312 ಅಥವಾ 254 ನ್ಯಾನೋಮೀಟರ್ ದೀಪದಲ್ಲಿ ನೋಡಿ, ಚೆನ್ನಾಗಿ ಹೊಳೆಯುತ್ತದೆ. ಈ ದೀಪಗಳ ಮುಂದೆ ಯುವಿ ತಡೆಯುವ ಕನ್ನಡಕ ಕಡ್ಡಾಯ, ಕೈ ಪೂರ್ತಿ ಮುಚ್ಚಿರಬೇಕು. 254ಕ್ಕೆ ಮಾಮೂಲಿ ಗಾಜಿನ ಬಾಟಲಿ ಅಡ್ಡ ಬರುತ್ತದೆ, ಕ್ವಾರ್ಟ್ಜ್ ಬೇಕು.

ಉಳಿದ ಲಿಥಿಯಮ್, ಅಸಿಟೇಟ್ ತೆಗೆಯಲು ಹೆಪ್ಟೇನ್ ಅಥವಾ ಹೆಕ್ಸೇನ್ ಸೇರಿಸಿ. ದ್ರಾವಣ ಬೆಳ್ಳಗೆ ಮಸುಕಾಗುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನದ್ದು ಬಗ್ಗಿಸಿ, ಕೆಳಗಿನದ್ದನ್ನು ಮತ್ತೆ ಎಥನಾಲ್‌ನಲ್ಲಿ ಹರಡಿ. ಅತಿಯಾಗಿ ತೊಳೆಯಬೇಡಿ, ಮೇಲ್ಮೈಯ ಅಸಿಟೇಟ್ ಪೂರ್ತಿ ಹೋದರೆ ಕಣಗಳು ಗಂಟು ಕಟ್ಟಿ ಮತ್ತೆ ಕರಗುವುದೇ ಇಲ್ಲ. ನೀರಿಗಂತೂ ನೇರವಾಗಿ ಹಾಕಬೇಡಿ, ಹೊಳಪು ಬೇಗ ಸಾಯುತ್ತದೆ. ನೀರಿನಲ್ಲೇ ಬೇಕು ಅಂದರೆ ಸಿಲಿಕಾ ಅಥವಾ ಸಿಲೇನ್ ಪದರ ಹೊದಿಸಬೇಕು, ಅದು ಬೇರೆಯೇ ಕೆಲಸ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಲೋಹದ ತ್ಯಾಜ್ಯದ ಡಬ್ಬಿಗೆ ಹಾಕಿ.

ಕಡ್ಡಿಗಳು ಬೇಕಿದ್ದರೆ

ಗಾಜು ಅಥವಾ ಸಿಲಿಕಾನ್ ಮೇಲೆ ನೆಟ್ಟಗೆ ನಿಂತ ನ್ಯಾನೋಕಡ್ಡಿಗಳಿಗೆ ಹೈಡ್ರೋಥರ್ಮಲ್ ವಿಧಾನ, ಅಂದರೆ ಬಿಸಿ ನೀರಿನ ದ್ರಾವಣದಲ್ಲಿ ಬೆಳೆಸುವುದು. ಮೊದಲು ಬೀಜದ ಪದರ: ಎಥನಾಲ್‌ನಲ್ಲಿ 5 ಮಿಲಿಮೋಲಾರ್ ಜಿಂಕ್ ಅಸಿಟೇಟ್ ಹನಿಸಿ, ಸ್ವಲ್ಪ ಹೊತ್ತು ಬಿಟ್ಟು ಎಥನಾಲ್‌ನಿಂದ ತೊಳೆದು, ಕೆಲವು ಸಲ ಹೀಗೇ ಮಾಡಿ, 350 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿ. ಆಮೇಲೆ 100 ಮಿಲಿಲೀಟರ್ ನೀರಿಗೆ 0.74 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್, 0.35 ಗ್ರಾಂ ಹೆಕ್ಸಾಮೀನ್ ಹಾಕಿ, ಅಂದರೆ ಎರಡೂ 25 ಮಿಲಿಮೋಲಾರ್. ಗಾಜಿನ ಬೀಜದ ಮುಖ ಕೆಳಗೆ ಮಾಡಿ ತೇಲಿಸಿ ಅಥವಾ ಓರೆಯಾಗಿ ನಿಲ್ಲಿಸಿ, 90 ಡಿಗ್ರಿಯಲ್ಲಿ ಕೆಲವು ಗಂಟೆ ಬಿಡಿ. ಮುಖ ಮೇಲೆ ಇದ್ದರೆ ದ್ರಾವಣದಲ್ಲೇ ಹುಟ್ಟಿದ ದಪ್ಪ ಹರಳುಗಳು ಬಂದು ಕಡ್ಡಿಗಳ ಮೇಲೆ ಕೂರುತ್ತವೆ, ಆಮೇಲೆ ನೀವು ಅಳೆಯುವ ಬೆಳಕು ಕಡ್ಡಿಯದ್ದೋ ಆ ಕಸದ್ದೋ ಗೊತ್ತಾಗುವುದಿಲ್ಲ. ಕಾದಾಗ ಹೆಕ್ಸಾಮೀನ್ ಒಡೆದು ಅಮೋನಿಯಾ, ಫಾರ್ಮಾಲ್ಡಿಹೈಡ್ ಬರುತ್ತವೆ, ಮುಚ್ಚಳವನ್ನು ಹುಡ್‌ನಲ್ಲೇ ತೆಗೆಯಿರಿ.

ಹೀಗೆ ಬೆಳೆದ ಕಡ್ಡಿಗಳು ಸಾಮಾನ್ಯವಾಗಿ ಹಳದಿ-ಕಿತ್ತಳೆ ಬೆಳಕು ಕೊಡುತ್ತವೆ, ಯುವಿ ಪಾಲು ದುರ್ಬಲ. ನೀರಿನಲ್ಲಿ ಬೆಳೆದದ್ದರಿಂದ ಮೇಲ್ಮೈ ತುಂಬಾ ಹೈಡ್ರಾಕ್ಸಿಲ್ ಗುಂಪುಗಳು ಅಂಟಿರುತ್ತವೆ. ಕಾಯಿಸಿದರೆ ಬಣ್ಣ ಬದಲಾಗುತ್ತದೆ, ಎಷ್ಟು ಮತ್ತು ಹೇಗೆ ಅನ್ನುವುದು ಉಷ್ಣಾಂಶದ ಮೇಲೂ ಸುತ್ತಲಿನ ಗಾಳಿಯ ಮೇಲೂ ನಿಂತಿದೆ. ಆಕ್ಸಿಜನ್ ಕಡಿಮೆ ಇರುವ ವಾತಾವರಣದಲ್ಲಿ ಜೋರಾಗಿ ಕಾಯಿಸಿದರೆ ಹಸಿರು ಹೆಚ್ಚುತ್ತದೆ. ಹಳೆಯ ಕ್ಯಾಲ್ಕುಲೇಟರ್, ವಿಸಿಆರ್‌ಗಳ ಮುಖದ ಮೇಲೆ ಹೊಳೆಯುತ್ತಿದ್ದ ನೀಲಿ-ಹಸಿರು ಅಂಕಿಗಳು ನೆನಪಿವೆಯಾ? ಆ ಪುಡಿ ಇದೇ ಉಪಾಯದಿಂದ ತಯಾರಾದ ಜಿಂಕ್ ಆಕ್ಸೈಡ್, ಬೆಳಕು 505 ನ್ಯಾನೋಮೀಟರ್ ಹತ್ತಿರ. ಹೈಡ್ರೋಜನ್ ಪ್ಲಾಸ್ಮಾದಲ್ಲಿ ಇಟ್ಟರೆ ಉಲ್ಟಾ: ಹಸಿರು ಕುಗ್ಗಿ ಯುವಿ ಏರುತ್ತದೆ.

ಅಳೆಯುವಾಗ

ಕಡ್ಡಿ, ಪುಡಿಗಳಿಗೆ ಎಲ್ಲರೂ ಬಳಸುವುದು 325 ನ್ಯಾನೋಮೀಟರ್ ಹೀಲಿಯಮ್-ಕ್ಯಾಡ್ಮಿಯಮ್ ಲೇಸರ್. ದ್ರಾವಣಕ್ಕಾದರೆ ಜೆನಾನ್ ದೀಪದ ಫ್ಲೋರೋಮೀಟರ್ ಸಾಕು. 365 ಎಲ್‌ಇಡಿಯನ್ನು ಕಣ್ಣಿನ ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಅದರ ಶಕ್ತಿ 3.40 ಎಲೆಕ್ಟ್ರಾನ್‌ವೋಲ್ಟ್, ಗ್ಯಾಪ್‌ಗಿಂತ ಒಂಚೂರು ಮೇಲೆ ಅಷ್ಟೇ, ಅದರ ಬಾಲ ನಿಮ್ಮ ಯುವಿ ಶಿಖರದ ಮೇಲೇ ಬಂದು ಬೀಳುತ್ತದೆ.

ಮೊದಲು ಸುಳ್ಳು ಶಿಖರಗಳನ್ನು ಓಡಿಸಿ. ಅಳೆಯುವ ಯಂತ್ರದ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೀರುಗಳ ಫಲಕ) ಎರಡನೇ ಸುತ್ತಿನ ಬೆಳಕನ್ನೂ ಕಳಿಸುತ್ತದೆ, ಅಂದರೆ 325ರ ಲೇಸರ್ ಚದುರಿ 650ರಲ್ಲಿ ಚೂಪಾಗಿ ಕಾಣುತ್ತದೆ, 380ರ ಯುವಿ ಬೆಳಕು 760ರಲ್ಲಿ ಇನ್ನೊಮ್ಮೆ ತಲೆ ಎತ್ತುತ್ತದೆ, ನೀವು ಅದನ್ನು ಕೆಂಪು ದೋಷ ಅಂತ ಬರೆದುಕೊಂಡುಬಿಡುತ್ತೀರಿ. ಲೇಸರ್ ತಡೆಯುವ ಲಾಂಗ್‌ಪಾಸ್ ಫಿಲ್ಟರ್ ಹಾಕಿ, ಕಾಣುವ ಭಾಗವನ್ನು ಅಳೆಯುವಾಗ 400ಕ್ಕಿಂತ ಮೇಲಿನದ್ದನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ ಇನ್ನೊಮ್ಮೆ ಅಳೆಯಿರಿ. ಶಿಖರ ಮಾಯವಾದರೆ ಅದು ನಿಮ್ಮದಲ್ಲ.

ದ್ರಾವಣದಲ್ಲಿ ಇನ್ನೂ ಕೆಟ್ಟ ಬಲೆ ಇದೆ. ಎಥನಾಲ್ ತಾನೇ ರಾಮನ್ ಚದುರಿಕೆ (ಬಿದ್ದ ಬೆಳಕು ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಬೇರೆ ತರಂಗದೂರದಲ್ಲಿ ಚದುರುವುದು) ಕೊಡುತ್ತದೆ. 340 ನ್ಯಾನೋಮೀಟರ್‌ನಲ್ಲಿ ಉದ್ರೇಕಿಸಿದರೆ, ಅಂದರೆ ಆ ಬೆಳಕು ಬಿಟ್ಟರೆ, ಅದರ ರಾಮನ್ ಗೆರೆ ಸರಿಯಾಗಿ 378ರಲ್ಲಿ ಬೀಳುತ್ತದೆ. ಜಿಂಕ್ ಆಕ್ಸೈಡ್‌ನ ಯುವಿ ಬೆಳಕು ಇರಬೇಕಾದ ಜಾಗವೇ ಅದು! ನೀರಿನದ್ದು 384 ಹತ್ತಿರ. ದುರ್ಬಲ ಯುವಿ ಶಿಖರ ಕಂಡು ಖುಷಿಪಡುವ ಮೊದಲು ಉದ್ರೇಕವನ್ನು 330ಕ್ಕೆ ಬದಲಿಸಿ ನೋಡಿ. ರಾಮನ್ ಆದರೆ ಜೊತೆಗೇ ಜರುಗಿ 365ಕ್ಕೆ ಬರುತ್ತದೆ, ನಿಜವಾದ ಎಕ್ಸಿಟಾನ್ ಆದರೆ ಅಲ್ಲೇ ನಿಲ್ಲುತ್ತದೆ. ಕಣ ಇಲ್ಲದ ಬರೀ ಎಥನಾಲ್ ಅನ್ನೂ ಪ್ರತಿ ಸಲ ಅಳೆದು ಪಕ್ಕದಲ್ಲಿಟ್ಟುಕೊಳ್ಳಿ. ಪುಡಿಯನ್ನು ಬಿಳಿ ಕಾಗದದ ಮೇಲೆ ಇಟ್ಟು ಅಳೆಯಬೇಡಿ, ಕಾಗದಕ್ಕೆ ಹಾಕಿರುವ ಬಿಳುಪುಕಾರಕವೇ ನೀಲಿಯಾಗಿ ಹೊಳೆಯುತ್ತದೆ.

ಇನ್ನು ಯುವಿ ಮತ್ತು ಹಸಿರಿನ ಅನುಪಾತ. ಇದನ್ನು ಹರಳಿನ ಗುಣಮಟ್ಟದ ಅಂಕಪಟ್ಟಿಯ ತರಹ ಬಳಸುವ ಅಭ್ಯಾಸ ಬಹಳ ಇದೆ, ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ದೋಷಗಳ ಸಂಖ್ಯೆಗೆ ಮಿತಿ ಇದೆ. ಲೇಸರ್ ಶಕ್ತಿ ಏರಿಸುತ್ತಾ ಹೋದರೆ ದೋಷಗಳು ತುಂಬಿಹೋಗಿ ಹಸಿರು ನಿಧಾನವಾಗುತ್ತದೆ, ಯುವಿ ಮಾತ್ರ ಏರುತ್ತಲೇ ಇರುತ್ತದೆ. ಅಂದರೆ ಅದೇ ಮಾದರಿ, ಅದೇ ದಿನ, ಬರೀ ಲೇಸರ್ ಗುಂಡಿ ತಿರುಗಿಸಿ ನಿಮ್ಮ ಹರಳನ್ನು "ಒಳ್ಳೆಯದು" ಮಾಡಿಬಿಡಬಹುದು. ಹಾಗಾಗಿ ಅನುಪಾತ ಕೊಡುವುದಾದರೆ ಲೇಸರ್ ಶಕ್ತಿ, ಬೆಳಕು ಬಿದ್ದ ಚುಕ್ಕೆಯ ಅಗಲ ಎರಡನ್ನೂ ಬರೆಯಿರಿ. ಇನ್ನೂ ಒಳ್ಳೆಯದು ಅಂದರೆ ಶಕ್ತಿಯನ್ನು ಹತ್ತಾರು ಪಟ್ಟು ಬದಲಿಸುತ್ತಾ ಎರಡೂ ಪಾಲನ್ನು ಅಳೆದು ಲಾಗ್-ಲಾಗ್ ಗ್ರಾಫ್ ಹಾಕುವುದು. ಎಕ್ಸಿಟಾನ್‌ನ ಇಳಿಜಾರು 1ರಿಂದ 2ರ ನಡುವೆ ಬರಬೇಕು, ದೋಷದ್ದು ಸಾಮಾನ್ಯವಾಗಿ 1ಕ್ಕಿಂತ ಕಡಿಮೆ.

ಅದೇ ಅಳತೆಯಿಂದ ಇನ್ನೊಂದು ಲಾಭವೂ ಇದೆ. ಶಕ್ತಿ ಏರಿಸಿದಂತೆ ಯುವಿ ಶಿಖರ ಕೆಂಪು ಕಡೆಗೆ ಸರಿಯುತ್ತಿದೆಯಾ? ಹಾಗಿದ್ದರೆ ಲೇಸರ್ ನಿಮ್ಮ ಮಾದರಿಯನ್ನು ಬೇಯಿಸುತ್ತಿರುವ ಸಾಧ್ಯತೆ ಜಾಸ್ತಿ. ಸಡಿಲ ಪುಡಿಯಲ್ಲಿ ಶಾಖ ಹರಿದು ಹೋಗಲು ದಾರಿ ಇರುವುದಿಲ್ಲ. ಶಿಖರ 390 ದಾಟಿದ್ದಕ್ಕೆ ದೊಡ್ಡ ದೊಡ್ಡ ಕಾರಣ ಹುಡುಕುವ ಮೊದಲು ಶಕ್ತಿ ಇಳಿಸಿ ನೋಡಿ. ದಪ್ಪ ಪದರದಲ್ಲಿ ಬೆಳಕು ಹೊರಬರುವ ಮೊದಲೇ ಅದರ ನೀಲಿ ಅಂಚನ್ನು ವಸ್ತುವೇ ಹೀರಿಕೊಳ್ಳುತ್ತದೆ, ಅದರಿಂದಲೂ ಶಿಖರ ಸರಿಯುತ್ತದೆ.

ಸಮಯವನ್ನೂ ಮರೆಯಬೇಡಿ. ಈ ಕಡ್ಡಿಗಳ ಮೇಲ್ಮೈಗೆ ಗಾಳಿಯ ಆಕ್ಸಿಜನ್ ಅಂಟಿಕೊಂಡು ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳುತ್ತದೆ, ಯುವಿ ಬಿದ್ದಾಗ ಅದು ಬಿಟ್ಟುಹೋಗುತ್ತದೆ. ಅದಕ್ಕೇ ಲೇಸರ್ ಕೆಳಗೆ ಇಟ್ಟ ಮೊದಲ ಕೆಲವು ನಿಮಿಷ ಬೆಳಕು ಏರುವುದೋ ಇಳಿಯುವುದೋ ಮಾಡುತ್ತಿರುತ್ತದೆ, ಗಾಳಿಯಲ್ಲಿ ಒಂದು ತರಹ, ನಿರ್ವಾತದಲ್ಲಿ ಇನ್ನೊಂದು ತರಹ. ಸ್ಥಿರ ಆಗುವವರೆಗೆ ಕಾದು, ಎಲ್ಲ ಮಾದರಿಗೂ ಅಷ್ಟೇ ಹೊತ್ತು ಕೊಟ್ಟು ಅಳೆಯಿರಿ.

ಗ್ರಾಫ್ ಹಾಕುವಾಗ ತರಂಗದೂರದಿಂದ ಶಕ್ತಿಗೆ ಬದಲಿಸುವುದಿದ್ದರೆ ಬರೀ ಅಡ್ಡ ಅಕ್ಷ ಬದಲಿಸಿದರೆ ಸಾಲದು, ತೀವ್ರತೆಯನ್ನು ತರಂಗದೂರದ ವರ್ಗದಿಂದ ಗುಣಿಸಬೇಕು. ಹಾಗೆ ಮಾಡಿದಾಗ 380ಕ್ಕೆ ಹೋಲಿಸಿದರೆ 530ರ ಶಿಖರದ ಎತ್ತರ ಸುಮಾರು 2 ಪಟ್ಟು ಆಗುತ್ತದೆ! ಒಬ್ಬರು ನ್ಯಾನೋಮೀಟರ್‌ನಲ್ಲಿ, ಇನ್ನೊಬ್ಬರು ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಎತ್ತರ ಹೋಲಿಸಿದರೆ ಜಗಳ ಗ್ಯಾರಂಟಿ. ವಿಸ್ತೀರ್ಣ ಲೆಕ್ಕ ಹಾಕಿ, ಸರಿಯಾಗಿ ಬದಲಿಸಿದ್ದರೆ ಅದು ಎರಡರಲ್ಲೂ ಒಂದೇ ಬರುತ್ತದೆ. ಡಿಟೆಕ್ಟರ್ ಯುವಿಯನ್ನೂ ಹಸಿರನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ, ಆ ತಿದ್ದುಪಡಿಯೂ ಮೊದಲೇ ಆಗಿರಬೇಕು.

ಕ್ವಾಂಟಮ್ ಯೀಲ್ಡ್ (ಹೀರಿದ ಪ್ರತಿ ಫೋಟಾನ್‌ಗೆ ಎಷ್ಟು ಫೋಟಾನ್ ಹೊರಬಂತು ಅನ್ನುವ ಲೆಕ್ಕ) ಬೇಕಿದ್ದರೆ ಕ್ವಿನೈನ್ ಸಲ್ಫೇಟ್ ಜೊತೆ ಹೋಲಿಸಿ, 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಅದರ ಬೆಲೆ 0.54. ಎರಡರ ಹೀರಿಕೆಯೂ 0.1ಕ್ಕಿಂತ ಕೆಳಗಿರಲಿ, ಉದ್ರೇಕ ಒಂದೇ ತರಂಗದೂರದಲ್ಲಿ ಇರಲಿ. ಎಥನಾಲ್ ಮತ್ತು ನೀರಿನ ವಕ್ರೀಭವನ ಬೇರೆ ಆದ್ದರಿಂದ ಶೇಕಡ 4ರಷ್ಟು ತಿದ್ದುಪಡಿ ಬರುತ್ತದೆ.

ಹಸಿರು ಯಾರದ್ದು?

ಬಹುಪಾಲು ವರದಿಗಳಲ್ಲಿ "ಹಸಿರು ಬೆಳಕು ಆಕ್ಸಿಜನ್ ಖಾಲಿಜಾಗದಿಂದ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 1996ರ ವಾನ್‌ಹ್ಯೂಸ್ಡನ್ ಅವರ ಕೆಲಸದಿಂದ ಈ ವಿವರಣೆ ಜನಪ್ರಿಯವಾಯಿತು. ಆದರೆ 1969ರಲ್ಲೇ ಡಿಂಗಲ್ ಅವರು ಹಸಿರನ್ನು ತಾಮ್ರದ ಕಲ್ಮಶಕ್ಕೆ ಕಟ್ಟಿದ್ದರು. ಸತುವಿನ ಖಾಲಿಜಾಗ ಅನ್ನುವವರೂ ಇದ್ದಾರೆ, ಮೇಲ್ಮೈ ಅನ್ನುವವರೂ ಇದ್ದಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ಸರಿ ಇರಬಹುದು, ಬೇರೆ ಬೇರೆ ಮಾದರಿಗಳಲ್ಲಿ ಬೇರೆ ಬೇರೆ ದೋಷಗಳು ಒಂದೇ ಬಣ್ಣ ಕೊಡಬಲ್ಲವು. ಬಣ್ಣ ನೋಡಿ ದೋಷದ ಹೆಸರು ಹೇಳಬೇಡಿ.

ಹಾಗಾದರೆ ಏನು ಮಾಡಬಹುದು? ಮೇಲ್ಮೈಯದ್ದೋ ಒಳಗಿನದ್ದೋ ಅಂತ ಮೊದಲು ಬೇರ್ಪಡಿಸಿ. ಪಾಲಿಮರ್ ಅಥವಾ ಮೆಗ್ನೀಸಿಯಮ್ ಆಕ್ಸೈಡ್ ಪದರ ಹೊದಿಸಿದಾಗ ಹಸಿರು ಕುಸಿದರೆ ಅದು ಮೇಲ್ಮೈಯದ್ದು. ಒಂದೇ ಸಲ ಬೆಳೆದ ಕಡ್ಡಿಗಳನ್ನು ತುಂಡು ಮಾಡಿ ಒಂದನ್ನು ಆಕ್ಸಿಜನ್‌ನಲ್ಲಿ, ಒಂದನ್ನು ಸತುವಿನ ಆವಿಯಲ್ಲಿ, ಒಂದನ್ನು ಹೈಡ್ರೋಜನ್‌ನಲ್ಲಿ ಕಾಯಿಸಿ ಹೋಲಿಸಿ. ಬೆಳಕಿನ ಆಯಸ್ಸು ಅಳೆಯಲು ಸಾಧ್ಯವಾದರೆ ಅಳೆಯಿರಿ: ಯುವಿ ಪಾಲು ನ್ಯಾನೋಸೆಕೆಂಡ್ ಅಥವಾ ಅದಕ್ಕಿಂತ ಬೇಗ ಆರುತ್ತದೆ, ಕಾಣುವ ಪಾಲು ಮೈಕ್ರೋಸೆಕೆಂಡ್‌ವರೆಗೂ ಎಳೆಯುತ್ತದೆ. ಹೀಲಿಯಮ್ ಕ್ರಯೋಸ್ಟಾಟ್ ಸಿಕ್ಕಿದರಂತೂ ಬಿಡಬೇಡಿ. 10 ಕೆಲ್ವಿನ್‌ನಲ್ಲಿ ಅಗಲವಾದ ಯುವಿ ಶಿಖರ ಒಡೆದು 3.36 ಎಲೆಕ್ಟ್ರಾನ್‌ವೋಲ್ಟ್ ಸುತ್ತ ಕೂದಲೆಳೆಯಂಥ ಗೆರೆಗಳಾಗುತ್ತವೆ. 3.3608 ಅಲ್ಯೂಮಿನಿಯಮ್, 3.3598 ಗ್ಯಾಲಿಯಮ್, 3.3567 ಇಂಡಿಯಮ್, ಹೀಗೆ ಕಲ್ಮಶದ ಹೆಸರನ್ನೇ ಓದಬಹುದು. ಪ್ರತಿ ಗೆರೆಯ ಹಿಂದೆ 72 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಅಂತರದಲ್ಲಿ ಫೋನಾನ್ (ಹರಳಿನ ಕಂಪನ) ನೆರಳುಗಳು ಸಾಲಾಗಿ ಕಾಣುತ್ತವೆ. ತಾಮ್ರದ ಹಸಿರೂ ಈ ಚಳಿಯಲ್ಲಿ ನಯವಾದ ದಿಬ್ಬವಾಗಿ ಉಳಿಯದೆ ಹಲ್ಲು ಹಲ್ಲಾಗಿ ಒಡೆಯುತ್ತದೆ, ಅದೇ ಅದರ ಗುರುತು.

ವಿದ್ಯುತ್‌ನಿಂದ ಬೆಳಕು ಬರಿಸುವ ಆಸೆ ಇದ್ದರೆ ಒಂದು ಮಾತು. ನಂಬಿಕಸ್ಥ ಪಿ-ಟೈಪ್ (ಹೋಲ್‌ಗಳು ವಿದ್ಯುತ್ ಒಯ್ಯುವ) ಜಿಂಕ್ ಆಕ್ಸೈಡ್ ಮಾಡುವುದು ಇವತ್ತಿಗೂ ಕಷ್ಟ, ಆದ್ದರಿಂದ ಹೆಚ್ಚಿನವರು ಪಿ-ಟೈಪ್ ಗ್ಯಾಲಿಯಮ್ ನೈಟ್ರೈಡ್ ಮೇಲೆ ಕಡ್ಡಿ ಬೆಳೆಸಿ ಡಯೋಡ್ ಮಾಡುತ್ತಾರೆ. ಅದು ಹೊಳೆದ ತಕ್ಷಣ ಕಡ್ಡಿಯೇ ಹೊಳೆಯಿತು ಅನ್ನಬೇಡಿ. ಮೆಗ್ನೀಸಿಯಮ್ ಹಾಕಿದ ಗ್ಯಾಲಿಯಮ್ ನೈಟ್ರೈಡ್ ತಾನೇ 430 ನ್ಯಾನೋಮೀಟರ್ ಆಸುಪಾಸಿನಲ್ಲಿ ನೀಲಿ ಬೆಳಕು ಕೊಡುತ್ತದೆ. ಕಡ್ಡಿ ಇಲ್ಲದ ಗ್ಯಾಲಿಯಮ್ ನೈಟ್ರೈಡ್, ಬೇರೆ ತಳದ ಮೇಲಿನ ಬರೀ ಕಡ್ಡಿ, ಲೇಸರ್ ಬಿಟ್ಟಾಗ ಎರಡೂ ಕೊಡುವ ಬೆಳಕಿನ ಸ್ಪೆಕ್ಟ್ರಮ್ ಮೊದಲೇ ಅಳೆದಿಟ್ಟುಕೊಂಡು ಡಯೋಡಿನ ಸ್ಪೆಕ್ಟ್ರಮ್ ಪಕ್ಕ ಇಟ್ಟು ನೋಡಿ. ಎರಡಕ್ಕೂ ಹೊಂದದಿದ್ದರೆ ಎರಡೂ ಸೇರುವ ಗಡಿಯನ್ನು ಅನುಮಾನಿಸಿ.